ಪಡಸಾಲೆಯ ಶಿಲಾಫಲಕ

ಗುದ್ದಲಿ ಪೂಜೆಯಾಗದೆ ಯಾವ ನೆಲವನ್ನೂ ಅಗೆಯತಕ್ಕದ್ದಲ್ಲ ಎಂಬುದು ಪುಣೆಯ ಭೀಮಾತೀರ ಕನ್ನಡಿಗರ ಸಂಘದ ಅತ್ಯಂತ ಗಟ್ಟಿಯಾದ ನಿಯಮ. ಖಡಕಿಯ ಆಚೆ, ರೈಲು ಹಳಿಯ ಪಕ್ಕದ ಗಲ್ಲಿಯಲ್ಲಿ ಕಲಬುರಗಿ ಕಡೆಯ ಮಂದಿ ಕಟ್ಟಿಕೊಂಡ ಮನೆಗಳಿಗೆಲ್ಲ ಇದು ಅನ್ವಯಿಸುತ್ತದೆ. ಈ ನಿಯಮವನ್ನು ಬರೆದವರು ಸಂಘದ ಅಧ್ಯಕ್ಷರಾದ ರಾಮಲಿಂಗಪ್ಪನವರು. ಆದ್ದರಿಂದ ಅವರದೇ ಮನೆಯ ತಳಪಾಯದ ಕೆಳಗೆ ಸಂಡಾಸಿನ ಪೈಪು ಒಡೆದಾಗ, ಮುಂದೆ ನಡೆದದ್ದೆಲ್ಲ ನಿಯಮಾನುಸಾರವೇ ನಡೆಯಿತು.

ಮೊದಲು ಪಡಸಾಲೆಯ ಶಹಾಬಾದ್ ಫರಸಿಕಲ್ಲಿನ ಸಂದಿನಲ್ಲಿ ತೇವ ಕಂಡಿತು. ಆಮೇಲೆ ವಾಸನೆ ಬಂತು. ಹೆಂಡತಿ ಭಾಗ್ಯಾ ಊದಿನಕಡ್ಡಿ ಹಚ್ಚಿದಳು. ವಾಸನೆ ಊದಿನಕಡ್ಡಿಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ಸಂಡಾಸಿಗೆ ಬೀಗ ಬಿತ್ತು. ಮನೆಮಂದಿಯೆಲ್ಲ ಎದುರುಮನೆಯ ಮಹಡಿಯಲ್ಲಿದ್ದ ಭಾಮಾಬಾಯಿಯ ಸಂಡಾಸಿಗೆ ಹೋಗತೊಡಗಿದರು. ಉಳಿದವರಿಗೆ ಇದು ಬರೀ ಮುಜುಗರದ ಸಂಗತಿ. ಆದರೆ ಮೊಣಕಾಲು ಹಿಡಿದುಹೋಗಿದ್ದ ತಾಯಿ ರುದ್ರವ್ವನಿಗೆ ಆ ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಹೋಗುವುದನ್ನು ತಪ್ಪಿಸಲೆಂದು ಮುದುಕಿ ನೀರು ಕುಡಿಯುವುದನ್ನೇ ಬಿಡುತ್ತ ಬಂದಳು.

"ಯಪ್ಪಾ, ಊರ ಮಂದಿ ಮನಿ ಪಾಯಾ ತೋಡ್ತಿ. ನಿಮ್ಮವ್ವನ ಸಂಡಾಸೊಂದು ನೆಟ್ಟಗ ಮಾಡ್ಸೋ," ಎಂದಳು.

ಮಾತು ಮನಸ್ಸಿಗೆ ನಾಟಿತು. ಪಾಯಾ ತೋಡಿಸುವ ಗುತ್ತಿಗೆಯೇ ರಾಮಲಿಂಗಪ್ಪನವರ ಹೊಟ್ಟೆಪಾಡು. ಒಡೆದ ಪೈಪು ಬೇರೆಯವರದಾಗಿದ್ದರೆ ಅಷ್ಟು ಸಣ್ಣದನ್ನು ಅವರು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅವರ ಮೇಸ್ತ್ರಿ ಅಂಬಾರಾಯ ಹೊಸ ಪೈಪು ಹೊತ್ತು ಬಂದ. "ಉಣ್ಣೂ ಹೊತ್ತಿಗಿ ಮುಗಸ್ತೀನ್ರಿ ಸಾವ್ಕಾರ್ರ," ಎಂದು ಹಾರೆ ಎತ್ತಿದ.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಂಘದ ಕಾರ್ಯದರ್ಶಿ ಮರಿಸ್ವಾಮಿ. ಹಿಂದೊಮ್ಮೆ ಮರಿಸ್ವಾಮಿ ನೀರಿನ ಟಾಕಿಗೆಂದು ಅಗೆಸಿದ್ದ ಗುಂಡಿಯನ್ನು ಪೂಜೆಯಾಗಿಲ್ಲವೆಂಬ ಕಾರಣಕ್ಕೆ ರಾಮಲಿಂಗಪ್ಪನವರು ಎದುರು ನಿಂತು ಮುಚ್ಚಿಸಿದ್ದರು. ಆಮೇಲೆ ಪೂಜೆ ಮಾಡಿಸಿ ಅದೇ ಗುಂಡಿಯನ್ನು ಮತ್ತೆ ಅಗೆಸಿದ್ದರು.

"ನಾ ಏನೂ ಅನ್ನಂಗಿಲ್ರಿ ಅಧ್ಯಕ್ಷರ," ಎಂದರು ಮರಿಸ್ವಾಮಿ. "ಸುಮ್ನ ನೋಡ್ಲಾಕ ಬಂದೀನಿ."

ರಾಮಲಿಂಗಪ್ಪನವರು ಅಂಬಾರಾಯನ ಕಡೆ ನೋಡಿದರು. ಅಂಬಾರಾಯ ಹಾರೆಯನ್ನು ಗೋಡೆಗೆ ಆನಿಸಿಟ್ಟು ಬೀಡಿ ಸೇದಲು ಹೊರಗೆ ಹೋದ.

ಪೂಜೆಯೆಂದ ಮೇಲೆ ಮುಖ್ಯ ಅತಿಥಿ ಬೇಕು. ಗಲ್ಲಿಯ ಪ್ರತಿ ಕಂಬದ ಫ್ಲೆಕ್ಸಿನಲ್ಲೂ 'ಭಾವಿ ನಗರಸೇವಕ', ಅಂದರೆ ಮುಂದಿನ ಕಾರ್ಪೊರೇಟರ್, ಎಂದು ಕೈಮುಗಿದು ನಿಂತಿದ್ದ ನಿತಿನಭಾವು ಒಪ್ಪಿಕೊಂಡರು. ಬಹುಕಾಲದಿಂದ ಭಾವಿಯಾಗಿಯೇ ಇದ್ದ ಅವರು ಆ ಹುದ್ದೆಯಲ್ಲಿ ಒಳ್ಳೆಯ ಅನುಭವ ಗಳಿಸಿದ್ದರು. "ಕಾಳಜಿ ಕರೂ ನಕಾ," ಎಂದು ಮರಾಠಿಯಲ್ಲೇ ಧೈರ್ಯ ಹೇಳಿ ರುದ್ರವ್ವನ ಕಾಲು ಮುಟ್ಟಿದರು. ಅವರಿಗೆ ಪುರುಸೊತ್ತು ಸಿಗುವವರೆಗೆ ರುದ್ರವ್ವ ಮೆಟ್ಟಿಲು ಹತ್ತಿದಳು.

ಪೂಜೆ ಪಡಸಾಲೆಯಲ್ಲೇ ನಡೆಯಿತು. ಮೂಗು ಮುಚ್ಚಿಕೊಳ್ಳುವುದು ಅತಿಥಿಗೆ ಅಗೌರವವೆಂದು ಎಲ್ಲರೂ ಬಾಯಿಂದ ಉಸಿರಾಡಿದರು. ಶಾಲು ಹೊದಿಸಿ, ಪೇಟಾ ತೊಡಿಸಿ, ಹೂ ಕಟ್ಟಿದ ಗುದ್ದಲಿಯನ್ನು ಕೈಗೆ ಕೊಟ್ಟಾಗ ನಿತಿನಭಾವು ಫರಸಿಗೆ ನೋವಾಗದಂತೆ ಒಮ್ಮೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಅವರ ಹುಡುಗರು ಟೆಂಪೋದಿಂದ ಕರಿಕಲ್ಲಿನ ಫಲಕವೊಂದನ್ನು ಇಳಿಸಿ, ಗುದ್ದಲಿ ಬಿದ್ದ ಜಾಗದಲ್ಲೇ ಸಿಮೆಂಟು ಹಾಕಿ ಕೂಡಿಸಿಬಿಟ್ಟರು.

"ಈ ಸ್ಥಳದಲ್ಲಿ ಒಡೆದ ಪೈಪಿನ ದುರಸ್ತಿ ಕಾಮಗಾರಿಯು ಭಾವಿ ನಗರಸೇವಕ ಮಾನ್ಯ ನಿತಿನಭಾವು ಇವರ ಶುಭಹಸ್ತದಿಂದ ನೆರವೇರಿತು. ಅಧ್ಯಕ್ಷತೆ: ಶ್ರೀ ರಾಮಲಿಂಗಪ್ಪನವರು."

ರಾಮಲಿಂಗಪ್ಪನವರು ಕುಕ್ಕರಗಾಲಲ್ಲಿ ಕೂತು ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಈ ಪುಣೆಯಲ್ಲಿ ಎಷ್ಟು ಕಟ್ಟಡಗಳ ಪಾಯಾ ತೋಡಿಸಿದ್ದರೋ ಅವರಿಗೇ ನೆನಪಿಲ್ಲ. ಯಾವ ಕಟ್ಟಡದ ಯಾವ ಕಲ್ಲಿನ ಮೇಲೂ ಅವರ ಹೆಸರು ಬಂದಿರಲಿಲ್ಲ. ಕಣ್ಣು ತುಂಬಿಕೊಂಡವು. ವಾಸನೆಗೆ ಇರಬೇಕೆಂದು ಜನ ತಿಳಿದರು.

"ಸಾವ್ಕಾರ್ರ, ಪೈಪು ಈ ಕಲ್ಲಿನ ಕೆಳಗೇ ಅದರಿ. ಕಲ್ಲು ಕೀಳ್ಲೇನ್ರಿ?" ಎಂದ ಅಂಬಾರಾಯ.

ಕೀಳುವಂತಿರಲಿಲ್ಲ. ಹಿಂದೆ ಗಲ್ಲಿಯ ಬೋರ್‌ವೆಲ್ಲಿನ ಫಲಕವನ್ನು ಯಾರೋ ಕಿತ್ತೊಯ್ದು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದರಿಂದ, ಒಮ್ಮೆ ಕೂಡಿಸಿದ ಫಲಕವನ್ನು ಯಾವ ಕಾರಣಕ್ಕೂ ಕೀಳತಕ್ಕದ್ದಲ್ಲ ಎಂಬ ನಿಯಮ ಜಾರಿಯಲ್ಲಿತ್ತು. ಅದನ್ನು ಬರೆದವರೂ ರಾಮಲಿಂಗಪ್ಪನವರೇ. ಹಾಗಾದರೆ ಹೊರಗಿನಿಂದ ಬೇರೆ ಪೈಪು ಹಾಕಿಬಿಡೋಣವೆಂದು ಅಂಬಾರಾಯ ಸೂಚಿಸಿದ.

"ಹಂಗ ಮಾಡಿದ್ರ ಕಲ್ಲು ಇದ್ದ ಜಾಗಾದಾಗ ದುರಸ್ತಿನೇ ಆಗಿಲ್ದಂಗ ಆಗ್ತದ," ಎಂದರು ಮರಿಸ್ವಾಮಿ ಶಾಂತವಾಗಿ. "ಅಧ್ಯಕ್ಷರ ಹೆಸರಿನಾಗ ಸುಳ್ಳು ಕೆತ್ತಿಸಿದಂಗ ಆಗ್ತದ ನೋಡ್ರಿ."

ಸುಳ್ಳು ರಾಮಲಿಂಗಪ್ಪನವರಿಗೆ ಆಗಿಬರುತ್ತಿರಲಿಲ್ಲ. ಸೂಚನೆಯನ್ನು ಕೈಬಿಡಲಾಯಿತು.

ಒಂದು ಮಧ್ಯಾಹ್ನ ಭಾಗ್ಯಾ ಹೊರಗಿನಿಂದ ಬಂದವಳೇ ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. "ರೀ, ನೀವು ಹೆಸರು ನೋಡ್ಕೋತ ಕೂಡ್ರಿ. ಅಲ್ಲಿ ಅತ್ತಿ ನಡು ಮೆಟ್ಲದಾಗ ಕುಂತು ಅಳ್ಲಾಕತ್ತಾರ. ಮ್ಯಾಲ ಹೋಗೂದ್ರಾಗೇ ಸೀರಿ ಹೊಲಸಾತು."

ರಾಮಲಿಂಗಪ್ಪನವರು ಎದ್ದು ದೊಡ್ಡ ಸುತ್ತಿಗೆ ತಂದರು. ನಿತಿನಭಾವು ಅವರ ಹೆಸರಿನ ಮೇಲೆ ಒಂದೇಟು ಹಾಕಲು ಕೈ ಎತ್ತಿದರು. ಆದರೆ ಕರಿಕಲ್ಲಿನ ಗುಣ ಅವರಿಗೆ ಗೊತ್ತು: ಮೇಲಿನ ಸಾಲು ಒಡೆದರೆ ಬಿರುಕು ಕೆಳಗಿನ ಸಾಲಿಗೂ ಇಳಿಯುತ್ತದೆ. ಕೆಳಗಿನ ಸಾಲು ಅವರದು. ಸುತ್ತಿಗೆ ಕೆಳಗಿಟ್ಟು, ಧೋತರದ ಚುಂಗಿನಿಂದ ಫಲಕದ ಮೇಲಿನ ಧೂಳು ಒರೆಸಿದರು.

ಅಷ್ಟರಲ್ಲಿ ಚುನಾವಣೆಯ ನೀತಿಸಂಹಿತೆ ಜಾರಿಯಾಗುವ ಸುದ್ದಿ ಬಂತು. ಅದಕ್ಕೆ ಮೊದಲೇ ಕಾಮಗಾರಿಯನ್ನು ಲೋಕಾರ್ಪಣೆ ಮಾಡಬೇಕೆಂದು ನಿತಿನಭಾವು ಹೇಳಿಕಳಿಸಿದರು. ಕಾಮಗಾರಿ ಮುಗಿದಿದೆಯೇ ಎಂಬ ಪ್ರಶ್ನೆ ಸಂಘದ ತುರ್ತುಸಭೆಗೆ ಬಂತು. ಫಲಕದಲ್ಲಿ 'ನೆರವೇರಿತು' ಎಂದಿರುವುದರಿಂದ ನೆರವೇರಿದೆ ಎಂದು ಭಾವಿಸತಕ್ಕದ್ದು ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಸೂಚಿಸಿದವರು ಮರಿಸ್ವಾಮಿ, ಅನುಮೋದಿಸಿದವರು ರಾಮಲಿಂಗಪ್ಪನವರು.

ಲೋಕಾರ್ಪಣೆಯ ದಿನ ಸಂಡಾಸಿನ ಬೀಗಕ್ಕೆ ಅಡ್ಡಲಾಗಿ ಕೆಂಪು ರಿಬ್ಬನ್ನು ಕಟ್ಟಲಾಯಿತು. ಗಲ್ಲಿಯ ಹಿರಿಯ ನಾಗರಿಕಳೆಂದು ರುದ್ರವ್ವನ ಕೈಗೇ ಕತ್ತರಿ ಕೊಟ್ಟರು. ಅವಳು ಕತ್ತರಿಸಿದಳು. ತಾಶೆ ವಾದ್ಯ ಮೊಳಗಿತು, ಪಟಾಕಿ ಹಾರಿದವು. ನಿತಿನಭಾವು ಅವಳಿಗೆ ಶಾಲು ಹೊದಿಸಿ, ಈಗ ನೆಮ್ಮದಿಯಾಯಿತೇ ಎಂದು ಮೈಕಿನಲ್ಲಿ ಕೇಳಿದರು.

"ಭಾಳ ಚಲೋ ಆತು ನೋಡಪ್ಪಾ. ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದಳು ರುದ್ರವ್ವ. ಆಮೇಲೆ ಮಗನ ಕಡೆ ತಿರುಗಿ, ದನಿ ಇಳಿಸಿ, "ರಾಮಲಿಂಗಾ, ಲಗೂನ ಭಾಮಾನ ಮನಿಗಿ ಕರ್ಕೊಂಡು ನಡಿಯೋ," ಎಂದಳು.

ಜನ ಗೌರವದಿಂದ ದಾರಿ ಬಿಟ್ಟರು. ರಾಮಲಿಂಗಪ್ಪನವರು ತಾಯಿಯ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದರು. ನಡುವೆ ಅವಳು ಏದುಸಿರು ಬಿಡುತ್ತ ನಿಂತಾಗ, ಹೊಸ ಶಾಲಿನ ಕೆಳಗೆ ಆ ರಟ್ಟೆಯಲ್ಲಿ ಬರೀ ಎಲುಬು ಉಳಿದಿರುವುದು ಅವರ ಅಂಗೈಗೆ ತಿಳಿಯಿತು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತೋಚಲಿಲ್ಲ. ಆಗ ಕೆಳಗಿನಿಂದ ಫೋಟೋದವನು, "ಅಧ್ಯಕ್ಷರ, ಒಂಚೂರು ಈ ಕಡಿ ನೋಡ್ರಿ," ಎಂದು ಕೂಗಿದ.

ಅವರು ಆ ಕಡೆ ನೋಡಿ ನಕ್ಕರು. ಫೋಟೋ ಚೆನ್ನಾಗಿ ಬಂದಿದೆಯೆಂದು ಎಲ್ಲರೂ ಹೇಳಿದರು.