ಒಂಬತ್ತು ಸ್ವರ, ಒಂದು ಧಡ್

ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವರು ಮನೆಗೆ ಬಂದ ಮೇಲಾದರೂ ಆ ಕೆಲಸ ನಿಲ್ಲಿಸಬೇಕು. ನನಗೆ ಅದು ಇನ್ನೂ ಸಾಧ್ಯವಾಗಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕಿ. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟಿ ಹಿಂದಕ್ಕೆ ಕಳಿಸುತ್ತೇನೆ. ಇದರಿಂದಾಗಿ ಹೋಟೆಲಿನಲ್ಲಿ ತಟ್ಟೆಗೆ ಎರಡು ಇಡ್ಲಿ ಬಿದ್ದರೆ ಯಾವುದು ದಪ್ಪ ಎಂದು ತಟ್ಟನೆ ಗೊತ್ತಾಗುತ್ತದೆ. ಹೇಳುವುದಿಲ್ಲ, ಅಷ್ಟೆ. ನಾನು ಮಾತು ಕಡಿಮೆಯವಳು. ನನ್ನ ತಕರಾರುಗಳೆಲ್ಲ ಲಿಖಿತ ರೂಪದಲ್ಲೇ ಇರುತ್ತವೆ.

ಮಾತು ಕಡಿಮೆಯವರಿಗೆ ಒಂದು ಗುಟ್ಟಾದರೂ ಬೇಕಲ್ಲ? ನನ್ನ ಗುಟ್ಟು ಶಬ್ದ. ಸಂಜೆ ಲಗ್ಗೆರೆಯ ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನಲ್ಲಿ ವಾದ್ಯಗಳ ಸ್ವರಗಳನ್ನು ತುಂಡರಿಸಿ, ಹಿಗ್ಗಿಸಿ, ಪೋಣಿಸಿ ಹೊಸದೇನನ್ನೋ ಮಾಡುತ್ತೇನೆ. ಯಾರಿಗೂ ಕೇಳಿಸುವುದಿಲ್ಲ. ಈ ಕೆಲಸಕ್ಕೆ ಎಲ್ಲ ಫೈಲುಗಳೂ ಆಗಿಬರುವುದಿಲ್ಲ. ಫೋನಿನಲ್ಲಿ ಓಡಾಡುವ ಹಾಡುಗಳು ಹೊರೆ ಹಗುರಾಗಲೆಂದು ಅರ್ಧ ಸಾಮಾನು ದಾರಿಯಲ್ಲೇ ಬಿಟ್ಟು ಬಂದವು. ಸುಮ್ಮನೆ ಕೇಳುವುದಕ್ಕೆ ಅಡ್ಡಿಯಿಲ್ಲ. ಹಿಗ್ಗಿಸಲು ಹೋದರೆ ಮಾತ್ರ ಕಣಕ ಸಾಲದ ಹೋಳಿಗೆಯ ಹಾಗೆ ಅಲ್ಲಲ್ಲಿ ಹರಿದು ಹೂರಣ ಕಾಣುತ್ತದೆ. ಅದಕ್ಕೇ ನನಗೆ ಬೇಕಾದದ್ದು ಲಾಸ್‌ಲೆಸ್ ಫೈಲು. ರೆಕಾರ್ಡ್ ಆದದ್ದರಲ್ಲಿ ಒಂದು ಕಣವೂ ಕಳೆಯದೆ, ವಾದಕ ಉಸಿರೆಳೆದದ್ದೂ ಸೇರಿ, ಇದ್ದದ್ದು ಇದ್ದ ಹಾಗೇ ಇರುವ ಫೈಲು. ಅದನ್ನು ದುಡ್ಡು ಕೊಟ್ಟೇ ಕೊಳ್ಳಬೇಕು.

ಅಮ್ಮನಿಗೆ ಗುಟ್ಟು ಗೊತ್ತಾಗಿದ್ದೇ ಈ ದುಡ್ಡಿನಿಂದ. “ಹಾಡನ್ನ ದುಡ್ಡು ಕೊಟ್ಟು ತಗೊಂಡ್ಯಾ? ಫೋನಲ್ಲಿ ಬಿಟ್ಟಿ ಬರುತ್ತಲ್ಲೇ!”

“ಇದು ಹಾಡಲ್ಲಮ್ಮ. ಒಂಬತ್ತು ಸ್ವರ.”

“ಒಂಬತ್ತೇನಾ? ಮಿಕ್ಕಿದ್ದು ಯಾವಾಗ ಬರುತ್ತೆ?”

ಮಿಕ್ಕಿದ್ದು ಬರುವುದಿಲ್ಲ ಎಂದೆ. ಅಮ್ಮ ನಂಬಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿದ ಮಗಳು ಒಂಬತ್ತು ಸ್ವರ ಕೇಳುತ್ತಿದ್ದಾಳೆ ಎಂದರೆ ಯಾವ ತಾಯಿ ತಾನೆ ನಂಬುತ್ತಾಳೆ? ದಿನಕ್ಕೊಮ್ಮೆಯಾದರೂ ಬಾಗಿಲಾಚೆಯಿಂದ ದನಿ ಬರುತ್ತದೆ: “ಯಾರ ಹತ್ರನೇ ಮಾತಾಡ್ತಿದ್ದೀಯಾ? ಹೇಳು, ಬೈಯಲ್ಲ.”

ಆ ಒಂಬತ್ತು ಸ್ವರಗಳು ಸನಾದಿಯವು. ಶಹನಾಯಿಯ ಒಡಹುಟ್ಟು ಎನ್ನಬಹುದಾದ, ಉತ್ತರ ಕರ್ನಾಟಕದ ಮದುವೆಗಳಲ್ಲಿ ಊದುವ ವಾದ್ಯ. ಮಾರಿದವರು ಗದಗ ಕಡೆಯ ಬಸವರಾಜ್ ಎನ್ನುವವರು. ತಮ್ಮ ಮಾವನವರಿಂದ ಒಂದೊಂದೇ ಸ್ವರ ಊದಿಸಿ, ರೆಕಾರ್ಡ್ ಮಾಡಿ, ತಮ್ಮದೇ ಪುಟದಲ್ಲಿ ಮಾರಾಟಕ್ಕಿಟ್ಟಿದ್ದರು. ಸೋಮವಾರ ಸಂಜೆ ಕೊಂಡೆ, ಹೆಡ್‌ಫೋನ್ ಹಾಕಿ ಕೇಳಿದೆ. ಸ್ವರ ಸೊಗಸಾಗಿತ್ತು. ಆದರೆ ಎರಡು ಸ್ವರಗಳ ನಡುವಿನ ಮೌನದಲ್ಲಿ ಮೆತ್ತಗೆ, ಆಳದಿಂದ, ಧಡ್. ಗಡಿಯಾರ ಹಿಡಿದು ನೋಡಿದೆ. ಸುಮಾರು ಮೂರು ಸೆಕೆಂಡಿಗೊಂದು. ಕಂಪ್ಯೂಟರಿನ ಪರದೆಯ ಮೇಲೆ ಸದ್ದಿನ ಏರಿಳಿತ ತೋರಿಸುವ ಗೆರೆಯಲ್ಲಿ ಅಂಥದ್ದೇನೂ ಕಾಣಲಿಲ್ಲ, ನಿಜ. ಆದರೆ ನಾನು ಗೆರೆಯನ್ನು ನಂಬಲಿಲ್ಲ, ನನ್ನ ಕಿವಿಯನ್ನು ನಂಬಿದೆ. ಮಂಗಳವಾರ ಕೇಳಿದೆ, ಬುಧವಾರ ಕೇಳಿದೆ, ಧಡ್ ತಪ್ಪಲಿಲ್ಲ. ಕೂಡಲೇ ಅವರ ಪುಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕಾರ್ಖಾನೆಯ ಮಾದರಿಯಲ್ಲೇ ವರದಿ ಬರೆದೆ:

“ವಸ್ತು: ಸನಾದಿ ಸ್ವರ. ಸಂಖ್ಯೆ: ಒಂಬತ್ತು. ದೋಷ: ಮೂರು ಸೆಕೆಂಡಿಗೊಮ್ಮೆ ಧಡ್ ಎಂಬ ಸದ್ದು. ತೀರ್ಮಾನ: ತಿರಸ್ಕೃತ.”

ಬರೆದ ಮೇಲೆ ಆದ ಸಮಾಧಾನವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಆ ದಿನ ಎರಡು ಚಪಾತಿ ಹೆಚ್ಚಿಗೇ ತಿಂದೆ.

ಶನಿವಾರ ಸಂಜೆ ಬಸವರಾಜರ ದನಿ ಸಂದೇಶ ಬಂತು. “ಮೇಡಂ, ನಮಸ್ಕಾರ್ರಿ. ನಮ್ಮ ಫೈಲ್‌ನ್ಯಾಗ ಧಡ್ ಗಿಡ್ ಏನೂ ಇಲ್ರೀ, ಮೂರು ಸಲ ಕೇಳೇನಿ. ಆದ್ರ ನೀವು ಬರದದ್ದನ್ನ ಯಾರೋ ನಮ್ಮ ಮಾವಗ ಓದಿ ಹೇಳಿಬಿಟ್ಟಾರ್ರಿ. ಅವರು ಅದು ತಮ್ಮ ಎದಿ ಬಡಿತ ಅಂತ ತಿಳಕೊಂಡಾರ. ‘ವಯಸ್ಸಾತು, ನನ್ನ ಎದಿ ಬಡಿಯೂದು ಬೆಂಗಳೂರಿಗೆ ಕೇಳಾಕತ್ತೈತಿ’ ಅಂತ ಸನಾದಿ ಪೆಟ್ಟಿಗ್ಯಾಗ ಇಟ್ಟು ಕುಂತಾರ್ರಿ. ಬರೂ ವಾರ ಒಂದು ಮದಿವಿ ಐತಿ, ಒಪ್ಪಿಕೊಂಡಾರ. ಈಗ ವಲ್ಲೆ ಅನ್ನಾಕತ್ತಾರ. ನೀವು ಕೇಳಿದ್ದನ್ನ ಫೋನಿನ್ಯಾಗ ರೆಕಾರ್ಡ್ ಮಾಡಿ ಕಳಸ್ತೀರೇನ್ರಿ?”

ಕಳಿಸಿದೆ. ಸ್ಪೀಕರಿನಲ್ಲಿ ಫೈಲು ಹಾಕಿ, ಪಕ್ಕದಲ್ಲಿ ಫೋನಿಟ್ಟು, ಸಾಕ್ಷ್ಯ ಸಮೇತ. ಎರಡೇ ನಿಮಿಷಕ್ಕೆ ಉತ್ತರ ಬಂತು. “ಮೇಡಂ, ಸನಾದಿ ಇನ್ನೂ ಸುರುನ ಆಗಿಲ್ಲ, ಆಗಲೇ ಧಡ್ ಅಂತೈತಲ್ರೀ? ನಿಮ್ಮ ಮನಿಯಾಗ ಏನೈತ್ರಿ?”

ನಮ್ಮ ಮನೆಯಲ್ಲಿ ಏನೂ ಇಲ್ಲ ಎಂದು ಟೈಪ್ ಮಾಡುತ್ತಿದ್ದೆ. ಆಗ ಅಂಗಾಲಿನ ಕೆಳಗೆ ನೆಲ ಧಡ್ ಎಂದಿತು.

ನಮ್ಮ ಕೆಳಮನೆಯಲ್ಲಿ ಮಂಜಣ್ಣನ ವರ್ಕ್‌ಶಾಪಿದೆ. ಪವರ್ ಪ್ರೆಸ್ಸಿನಲ್ಲಿ ತಗಡು ಒತ್ತಿ ಬಾಗಿಲಿನ ಕೀಲು ಮಾಡುತ್ತಾನೆ. ಚಿಕ್ಕಂದಿನಲ್ಲಿ ನಾನು ಮಗ್ಗಿ ಕಲಿತದ್ದು ಆ ಸದ್ದಿನ ತಾಳಕ್ಕೇ. ಹೆಡ್‌ಫೋನ್ ಕಿವಿಯನ್ನು ಮುಚ್ಚುತ್ತದೆ, ಸರಿ. ಧಡ್ ಬರುತ್ತಿದ್ದದ್ದು ಕುರ್ಚಿಯ ಕಾಲಿನಿಂದ ಬೆನ್ನುಮೂಳೆಗೆ. ಇಷ್ಟು ವರ್ಷ ನಾನು ಕೇಳಿದ್ದರಲ್ಲೆಲ್ಲ ಡೋಲೋ ತಬಲವೋ ಇರುತ್ತಿತ್ತು, ಧಡ್ ಅದರಲ್ಲಿ ಸೇರಿಹೋಗುತ್ತಿತ್ತು. ಇಷ್ಟು ಶುದ್ಧವಾದ ಮೌನ ನಮ್ಮ ಮನೆಗೆ ಬಂದದ್ದೇ ಮೊದಲ ಸಲ.

ಅಡುಗೆಮನೆಗೆ ಓಡಿದೆ. “ಅಮ್ಮಾ, ನಮ್ಮನೇಲಿ ಧಡ್ ಧಡ್ ಅಂತ ಸದ್ದು ಬರುತ್ತಾ?”

“ಯಾವ ಸದ್ದೇ?” ಎಂದಳು ಅಮ್ಮ. ಅವಳ ಹಿಂದೆ ಶೆಲ್ಫಿನ ಲೋಟಗಳು ಗಲಗಲ ಎಂದವು.

ಅಳೆಯುವ ಮೊದಲು ಅಳತೆಯ ಉಪಕರಣವನ್ನೇ ಪರೀಕ್ಷಿಸಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲ ದಿನ ಕಲಿಸುವ ಪಾಠ ಇದು. ಗೋಡೆಗೆ ಬರೆಸಿಯೂ ಹಾಕಿದ್ದೇನೆ. ವರದಿಯನ್ನು ಸದ್ದಿಲ್ಲದೆ ಅಳಿಸಿಬಿಡೋಣ ಎಂದು ಮೊದಲು ಯೋಚಿಸಿದೆ. ನನ್ನ ಸ್ವಭಾವಕ್ಕೆ ಒಗ್ಗುವ ದಾರಿ. ಆದರೆ ಅಳಿಸಿದ್ದನ್ನು ಆ ಹಿರಿಯರಿಗೆ ಯಾರು ಓದಿ ಹೇಳುತ್ತಾರೆ? ಎಲ್ಲರಿಗೂ ಕಾಣುವ ಹಾಗೆ ಬರೆದೆ: “ದೋಷದ ಮೂಲ: ದೂರುದಾರಳ ಮನೆ. ಸ್ವರಗಳು ಸ್ವೀಕೃತ.” ಅದೂ ಸಾಲದೆಂದು ಧೈರ್ಯ ಮಾಡಿ ಫೋನ್ ಮಾಡಿದೆ. ಬಸವರಾಜರು ಫೋನನ್ನು ಮಾವನವರ ಕೈಗೆ ಕೊಟ್ಟರು.

“ಸಾರ್, ಅದು ನಿಮ್ಮ ಎದೆಬಡಿತ ಅಲ್ಲ. ನಮ್ಮ ಮನೆ ಕೆಳಗಿನ ಮಿಷನ್ನು.”

ಆ ಕಡೆಯಿಂದ ಹಿರಿಯರ ದನಿ ಬಂತು. “ಮಿಷನ್ನೇನವಾ? ನನ್ನ ಎದಿ ಈ ವಯಸ್ಸಿನ್ಯಾಗ ಇಷ್ಟು ಗಟ್ಟಿ ಬಡೀತೈತಿ ಅಂತ ನನಗ ಒಳಗೊಳಗ ಖುಷಿನೂ ಆಗಿತ್ತು ನೋಡವಾ.” ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. “ನೀ ಕಳಿಸಿದ್ದನ್ನ ಕೇಳೇನಿ, ತಾಳ ಮಾತ್ರ ಚೊಲೋ ಐತಿ. ನಮ್ಮ ಡೋಲಿನವನೂ ಹಂಗ ನಿಂದ್ರೂದಿಲ್ಲ. ಮದಿವಿಗೆ ರೂಢಿ ಮಾಡ್ಕೋತೀನಿ, ಅದನ್ನ ಕಳಸವಾ. ನಮ್ಮ ಬಸು ಅಂತಾನಲ್ಲ, ಏನೂ ಕಳಕೊಳ್ಳಲಾರದ ಫೈಲು, ಅಂಥಾದ್ರಾಗ.”

ಸೋಮವಾರ ಸಂಜೆ ಮೈಕು ಹಿಡಿದು ಕೆಳಗಿಳಿದೆ. ಮಂಜಣ್ಣನ ಮುಖ ಬಿಳಿಚಿಕೊಂಡಿತು. “ಏನಮ್ಮಾ, ಸೌಂಡ್ ಜಾಸ್ತಿ ಆಯ್ತಾ? ಯಾರಾದ್ರೂ ಕಂಪ್ಲೇಂಟ್ ಕೊಟ್ರಾ?”

“ಇಲ್ಲ ಮಂಜಣ್ಣ, ರೆಕಾರ್ಡ್ ಮಾಡ್ಕೋಬೇಕು.”

ಮಂಜಣ್ಣ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡು ಪ್ರೆಸ್ಸಿನ ಮುಂದೆ ನೆಟ್ಟಗೆ ನಿಂತ. ನಲವತ್ತು ಧಡ್‌ಗಳನ್ನು ಹಿಡಿದು, ಎರಡೆರಡು ಸಲ ಪರೀಕ್ಷಿಸಿ, ಗದಗಕ್ಕೆ ಕಳಿಸಿದೆ.

ಹಿರಿಯರು ಆ ತಾಳಕ್ಕೆ ಸನಾದಿ ಊದಿದರಂತೆ, ಮದುವೆಗೂ ಹೋಗುತ್ತಾರಂತೆ. ಜೊತೆಗೆ, ನನ್ನ ಮಾದರಿಯಲ್ಲೇ, ಅವರು ಹೇಳಿ ಬರೆಸಿದ ಒಂದು ವರದಿಯೂ ಬಂತು:

“ವಸ್ತು: ಧಡ್. ಸಂಖ್ಯೆ: ನಲವತ್ತು. ದೋಷ: ಹದಿನೇಳನೆಯದಕ್ಕೂ ಹದಿನೆಂಟನೆಯದಕ್ಕೂ ನಡುವೆ, ಮಹಡಿಯ ಕಡೆಯಿಂದ, ‘ಯಾರ ಹತ್ರನೇ ಮಾತಾಡ್ತಿದ್ದೀಯಾ? ಹೇಳು, ಬೈಯಲ್ಲ’ ಎಂಬ ಹೆಣ್ಣು ದನಿ. ತೀರ್ಮಾನ: ತಿರಸ್ಕೃತ.”

ಫೈಲು ತೆಗೆದು ಕೇಳಿದೆ. ಲಾಸ್‌ಲೆಸ್ ನೋಡಿ, ಕೊನೆಯ ಅಕ್ಷರ ಕೂಡ ಒಂದಿಷ್ಟೂ ಸವೆದಿಲ್ಲ. ಕಳಿಸುವ ಮೊದಲು ಎರಡು ಸಲ ಕೇಳಿದ್ದೆ. ಅಮ್ಮನ ದನಿ ನನಗೆ ಕೇಳಿಸಿರಲೇ ಇಲ್ಲ.