ಆಯಾರದ ಸೀರೆಗೊಂದು ಆ್ಯಪ್

ಮೊಬೈಲ್ ಆ್ಯಪ್ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಹೇಳಿದ್ದು ನಿಜ. ಹೇಳಿದ್ದು ಟಿಕೋಟಾದಲ್ಲಿ, ಮಾವನ ಮನೆಯಲ್ಲಿ, ಇಡೀ ಪಂಕ್ತಿ ಕೇಳುವಂತೆ. ಹೋಳಿಗೆಯ ಮೇಲೆ ತುಪ್ಪ ಬಿದ್ದ ಹೊತ್ತಿನಲ್ಲಿ ಮನುಷ್ಯ ಏನನ್ನಾದರೂ ಹೇಳುತ್ತಾನೆ.

ನಾನು ವಿಜಯಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ರಜೆಯಲ್ಲಿ ಒಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಅಂದರೆ ವಿಡಿಯೋ ನೋಡಿದ್ದೆ. ಆ ಭಾಷೆಯ ದೊಡ್ಡ ಗುಣವೆಂದರೆ, ಒಂದು ಹೆಸರಿನಲ್ಲಿ ಒಮ್ಮೆ ಇಟ್ಟದ್ದು ಮತ್ತೆ ಬದಲಾಗುವುದಿಲ್ಲ. ಬದಲಾವಣೆ ಬೇಕಾದರೆ ಹೊಸದನ್ನೇ ಮಾಡಿಕೊಳ್ಳಬೇಕು, ಹಳೆಯದು ಹಾಗೇ ಇರುತ್ತದೆ. ಮೇಲಾಗಿ, ಒಂದೇ ಸಲ ಬರೆದರೆ ಆಂಡ್ರಾಯ್ಡಿನಲ್ಲೂ ಓಡುತ್ತದೆ, ಐಫೋನಿನಲ್ಲೂ ಓಡುತ್ತದೆ. ಇದನ್ನೆಲ್ಲ ಹೆಂಡತಿ ಸುನಂದಾಳಿಗೆ ವಿವರಿಸಿದೆ.

"ಒಮ್ಮೆ ಇಟ್ಟದ್ದು ಬದಲಾಗೂದಿಲ್ಲ ಅಂದ್ರ ನಿಮ್ಮಂಗ ಐತಿ ಬಿಡ್ರಿ," ಎಂದಳು. "ಅಂಗಿ ಬಾಗಲದ ಮ್ಯಾಲ ಒಗದ್ರ, ಅಲ್ಲೇ!"

ಆಗ ಅವಳು ಟ್ರಂಕಿನ ಮುಂದೆ ಕುಳಿತಿದ್ದಳು. ಅವಳ ತಂಗಿಯ ಮದುವೆ ಬಬಲೇಶ್ವರದ ವರನೊಂದಿಗೆ ಗೊತ್ತಾಗಿತ್ತು. ಬಂದ ಬಂಧುಗಳಿಗೆ ಆಯಾರ ಮಾಡುವ, ಎಂದರೆ ಹೆಂಗಸರಿಗೆ ಸೀರೆ, ಗಂಡಸರಿಗೆ ಟವೆಲು ಟೋಪಿ ಕೊಡುವ ಹೊಣೆ ಇವಳದು. ನಮ್ಮ ಕಡೆ ಆಯಾರದ ಸೀರೆ ಒಂದೇ ಮನೆಯಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಅಲ್ಲಿ ಬಂದದ್ದು ಇಲ್ಲಿ ಹೋಗುತ್ತದೆ, ಇಲ್ಲಿಂದ ಇನ್ನೆಲ್ಲಿಗೋ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಕಾನೂನು ಒಂದೇ: ಕೊಟ್ಟವರಿಗೇ ಆ ಸೀರೆ ತಿರುಗಿ ಹೋಗಬಾರದು. ಹೋಯಿತೋ, ಮನೆತನದ ಮರ್ಯಾದೆಯೂ ಅದರ ಹಿಂದೆಯೇ ಹೋಯಿತು! ಆದ್ದರಿಂದ ಸುನಂದಾ ಪ್ರತಿ ಸೀರೆಗೂ ಕೊಟ್ಟವರ ಹೆಸರಿನ ಚೀಟಿ ಬರೆದು ಗುಂಡುಪಿನ್ನು ಚುಚ್ಚಿ ಇಡುತ್ತಾಳೆ.

"ಈ ಸಲ ಒಂದೂ ತಪ್ಪಬಾರದ್ರಿ. ಗಂಗತ್ತಿ ಬರಾಕತ್ತಾಳ," ಎಂದಳು.

ಗಂಗತ್ತಿ ಮಮದಾಪುರದವರು, ಸುನಂದಾಳ ಸೋದರತ್ತೆ, ಇವಳನ್ನು ಎತ್ತಿ ಆಡಿಸಿದವರು. ಹಿಂದೊಂದು ಮದುವೆಯಲ್ಲಿ ಅವರ ಯಜಮಾನರಿಗೆ ಟೋಪಿ ಕೊಡುವುದು ಮರೆತುಹೋಗಿ, ಅಂದಿನಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ. ಈಗ ಬರುತ್ತೇನೆಂದು ಅವರೇ ಫೋನ್ ಮಾಡಿದಾಗ ಸುನಂದಾ ಅತ್ತುಬಿಟ್ಟಿದ್ದಳು. ಅವಳ ಆ ಸಂತೋಷ ನೋಡಿ ನನಗೂ ಏನಾದರೂ ಮಾಡಬೇಕೆನಿಸಿತು. ಏನೂ ಮಾಡದಿದ್ದರೆ ಎಷ್ಟು ಚೆನ್ನಾಗಿತ್ತು!

"ಚೀಟಿ, ಪಿನ್ನು, ಇದೆಲ್ಲ ಯಾವ ಕಾಲದ್ದು? ಆ್ಯಪ್ ಮಾಡಿ ಕೊಡತೇನಿ. ಸೀರಿ ಫೋಟೋ ಒತ್ತಿದ್ರ ಕೊಟ್ಟವ್ರ ಹೆಸರ ಬರಬೇಕ," ಎಂದು ಘೋಷಿಸಿದೆ.

ಸಿದ್ಧತೆ ಆರಂಭವಾಯಿತು. ಮೊದಲು ಭಾಷೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದು ತನ್ನ ಜೊತೆಗೆ ಇನ್ನೊಂದು ತಂತ್ರಾಂಶ ಬೇಕು ಎಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕು. ಬಂದವರಲ್ಲಿ ಒಬ್ಬರಿಗೊಬ್ಬರು ಸರಿಬರಲಿಲ್ಲ. ಇವನ ಹಳೆಯ ಆವೃತ್ತಿ ಇದ್ದರೆ ಅವನು ಏಳುವುದಿಲ್ಲ, ಹೊಸದು ಹಾಕಿದರೆ ಮೂರನೆಯವನು ಮಲಗುತ್ತಾನೆ. ಬೀಗರ ನಡುವೆ ಓಡಾಡುವ ಮಧ್ಯಸ್ಥನಂತೆ ನಾನು ಎಲ್ಲರನ್ನೂ ಸಮಾಧಾನಪಡಿಸುತ್ತ ಕುಳಿತೆ. ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು. ಪರದೆ ತುಂಬ ಕೆಂಪು ಅಕ್ಷರಗಳು.

ಹೀಗೆ ವಾರಗಟ್ಟಲೆ ಗುದ್ದಾಡಿದ ಮೇಲೆ ಒಂದು ಸಂಜೆ ನನ್ನ ಫೋನಿನಲ್ಲಿ ಒಂದು ಗುಂಡಿ, ಅದರ ಮೇಲೊಂದು ಸೊನ್ನೆ ಮೂಡಿದವು. ಗುಂಡಿ ಒತ್ತಿದೆ. ಸೊನ್ನೆ ಒಂದಾಯಿತು! ಅಡುಗೆಮನೆಯಿಂದ ಸುನಂದಾಳನ್ನು ಎಳೆದುಕೊಂಡು ಬಂದೆ.

"ಒತ್ತಿದ್ರ ಒಂದ ಆಗತೈತಿ. ಮುಂದ?"

"ಎರಡ ಆಗತೈತಿ."

"ಒಮ್ಮೆ ಇಟ್ಟದ್ದು ಬದಲಾಗೂದಿಲ್ಲ ಅಂದಿದ್ರಿ. ಸೊನ್ನಿ ಹೆಂಗ ಒಂದ ಆತು?"

"ಸೊನ್ನಿ ಬದಲಾಗಿಲ್ಲ. ಅದು ಸೊನ್ನಿನ ಐತಿ. ಹೊಸಾದೊಂದು ಹುಟ್ಟೇತಿ."

"ಹಂಗಾರ ಹಳೇ ಸೊನ್ನಿ ಎಲ್ಲಿ ಹೋತು?"

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಯಾರೂ ಕೇಳಿರಲಿಲ್ಲ. ರೊಟ್ಟಿ ಸೀಯುತ್ತಿರಬೇಕು ನೋಡು ಎಂದು ಅವಳನ್ನು ಒಳಗೆ ಕಳಿಸಿದೆ.

ಆಮೇಲೆ ಕೆಲಸ ಮುಂದುವರಿಯಿತು. ಸೀರೆಗಳ ಫೋಟೋ ಹಾಕಿದೆ, ಹೆಸರು ಹಾಕಿದೆ. ಆ ಗುಂಡಿಯನ್ನು ಮಾತ್ರ ಮಮತೆಯಿಂದ ಮೂಲೆಯಲ್ಲಿ ಉಳಿಸಿಕೊಂಡೆ. ಇನ್ನು ಉಳಿದದ್ದು ಐಫೋನ್. ಮದುವೆಯಲ್ಲಿ ಆಯಾರ ಹಂಚಲು ಕೂರುವವನು ನನ್ನ ಭಾವಮೈದುನ ಮಲ್ಲು, ಅವನ ಕೈಯಲ್ಲಿರುವುದು ಐಫೋನ್. ಅದಕ್ಕೆ ಆ್ಯಪ್ ಏರಿಸಬೇಕಾದರೆ ಅದೇ ಕಂಪನಿಯ ಕಂಪ್ಯೂಟರೇ ಬೇಕು ಎಂಬುದನ್ನು ಆ ವಿಡಿಯೋದವನು ಕೊನೆಯಲ್ಲಿ, ಮೆಲ್ಲಗೆ ಹೇಳಿದ್ದ. ಸಿದ್ಧೇಶ್ವರ ಗುಡಿಯ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿರುವ ಇರ್ಫಾನ್ ಭಾಯಿ ಬಳಿ ಅಂಥದೊಂದಿತ್ತು. ಮದುವೆ ಆಲ್ಬಮ್ ಮಾಡುವುದನ್ನು ನಿಲ್ಲಿಸಿ ಪಾಪ ನನಗೆ ಕುರ್ಚಿ ಬಿಟ್ಟುಕೊಟ್ಟರು. ಮೂರು ಬಾರಿ ಚಹಾ ತರಿಸಿದರು. ನಾಲ್ಕನೆಯದನ್ನು ತರಿಸಲಿಲ್ಲ.

"ಸರ, ನಿಮ್ಮ ಆ್ಯಪ್ ಆಗೂದ್ರಾಗ ಈ ಆಲ್ಬಮ್ಮಿನ ಮದುಮಗಳಿಗೆ ಕೂಸ ಹುಟ್ಟತೈತ್ರಿ," ಎಂದರು.

ಅಷ್ಟರಲ್ಲಿ ಪರದೆಯ ಮೇಲೆ ಏನೋ ಸೂಚನೆ ಬಂತು. ಓದದೆ 'ಸರಿ' ಒತ್ತಿದೆ. ಸೂಚನೆಗಳನ್ನು ಓದಬೇಕು ಎಂದು ಕಾಲೇಜಿನಲ್ಲಿ ದಿನವೂ ಹೇಳುವವನು ನಾನೇ. ಮದುವೆಗೆ ಇನ್ನೂ ಎಂಟು ದಿನ ಇರುವಾಗಲೇ, ಜೊತೆಗೆ ಬಂದಿದ್ದ ಮಲ್ಲುವಿನ ಫೋನಿನಲ್ಲಿ ಆ್ಯಪ್ ಕುಳಿತಿತು! "ಮಾಮಾ, ಭಾರೀ ಐತಿ ಬಿಡ್ರಿ!" ಎಂದು ಅವನು ಕುಣಿದ.

ಮದುವೆಯ ಹಿಂದಿನ ದಿನ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಟ್ರಂಕು ತೆರೆದು, ಎಲ್ಲ ಸೀರೆಗಳ ಚೀಟಿ ಕಿತ್ತು, ಕಸಕ್ಕೆ ಹಾಕಿದೆ. ಸುನಂದಾಳಿಗೆ ಹೇಳಲಿಲ್ಲ. ಅವಳು ಬೆರಗಾಗಲಿ ಎಂದು.

ಬೆರಗಾದಳು. ಮರುದಿನ ಟಿಕೋಟಾದ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬಿದ್ದು ಆಯಾರ ಶುರುವಾಯಿತು. ಮಲ್ಲು ಫೋನು ತೆಗೆದು ಒತ್ತಿದ. ಈ ಆ್ಯಪ್ ಇನ್ನು ಲಭ್ಯವಿಲ್ಲ ಎಂದು ಬಂತು. ಪುಕ್ಕಟೆ ಏರಿಸಿದ ಆ್ಯಪಿನ ಆಯುಷ್ಯ ಒಂದೇ ವಾರ! ನಾನು ಓದದೆ 'ಸರಿ' ಎಂದದ್ದು ಅದಕ್ಕೇ.

"ಹೆದರಬ್ಯಾಡ. ಎರಡೂ ಫೋನಿಗೆ ಓಡತೈತಿ ಅಂತ ಯಾಕ ಮಾಡೇನಿ?" ಎಂದು ನನ್ನ ಫೋನು ತೆಗೆದೆ. ಅಂದು ಬೆಳಿಗ್ಗೆಯಷ್ಟೇ ಅದರಲ್ಲಿ ಆ್ಯಪಿನ ಅಂಚಿಗೆ ಗುಲಾಬಿ ಹೂ ಹಾಕಲು ಹೋಗಿ, ಹಳೆಯದನ್ನು ಅಳಿಸಿ ಹೊಸದಾಗಿ ಹಾಕಿದ್ದೆ, ತೆರೆದು ನೋಡಿರಲಿಲ್ಲ. ಹಳೆಯದರ ಜೊತೆ ಫೋಟೋಗಳೂ ಹೆಸರುಗಳೂ ಅಳಿಸಿಹೋಗಿದ್ದವು. ಸುತ್ತ ಗುಲಾಬಿ. ನಡುವೆ ಖಾಲಿ. ಮೂಲೆಯಲ್ಲಿ ನನ್ನ ಗುಂಡಿ, ಮತ್ತು ಸೊನ್ನೆ.

ಗಾಬರಿಯಲ್ಲಿ ಒತ್ತಿದೆ. ಒಂದಾಯಿತು.

"ಚೀಟಿ ಎಲ್ಲಿ?" ಸುನಂದಾಳ ದನಿ ಇಳಿದಿತ್ತು.

"ಕಿತ್ತೇನಿ. ಮಾಹಿತಿ ಎರಡೆರಡು ಕಡೆ ಇರಬಾರದು ಅಂತ ನಮ್ಮ ಶಾಸ್ತ್ರದಾಗ..."

ಅಷ್ಟರಲ್ಲಿ ಗಂಗತ್ತಿಯ ಹೆಸರು ಕರೆದಾಗಿತ್ತು, ಅವರು ಎದುರು ಬಂದು ಕುಳಿತಾಗಿತ್ತು. ನನಗೆ ನೆನಪಿದೆ ಎಂದು ಧೈರ್ಯವಾಗಿ ಒಂದು ಗಿಳಿಹಸಿರು ಇಳಕಲ್ ಸೀರೆ ಎತ್ತಿ ನಾನೇ ಅವರ ಮಡಿಲಿಗಿಟ್ಟೆ. ಈ ಬಣ್ಣ ಅವರಿಗೆ ಒಪ್ಪುತ್ತದೆ ಎಂದೂ ಸೇರಿಸಿದೆ.

ಒಪ್ಪದೇ ಏನು? ಅವರೇ ಆರಿಸಿ ತಂದದ್ದು! ನಮ್ಮ ಮಗಳು ಹುಟ್ಟಿದಾಗ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಗಂಗತ್ತಿ ಸೀರೆಯ ಮೂಲೆ ಬಿಡಿಸಿ, ತಾವೇ ಹಚ್ಚಿದ್ದ ಅರಿಷಿಣದ ಬೊಟ್ಟು ನೋಡಿದರು. ಆಮೇಲೆ ಸುನಂದಾಳನ್ನು ನೋಡಿದರು.

"ಯವ್ವಾ, ಈ ಸೀರಿ ನಿನಗ ಉಡಾಕ ಕೊಟ್ಟಿದ್ದೆ. ಕಾಯಾಕ ಕೊಟ್ಟಿರಲಿಲ್ಲ."

ಸುನಂದಾಳ ಕಣ್ಣು ತುಂಬಿದವು. ಜೀವನದಲ್ಲಿ ಮೊದಲ ಸಲ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಡುವೆ ಹೋಗಿ ನಿಂತೆ.

"ಅತ್ತಿಯಾರ, ತಪ್ಪು ಆಕೀದಲ್ಲ, ನಂದು. ಆಕಿ ಚೀಟಿ ಹಚ್ಚಿದ್ಲು. ನಾ ಕಿತ್ತೆ. ಅದರ ಬದಲಿ ಇದನ್ನ ಮಾಡೇನ್ರಿ," ಎಂದು ಫೋನು ತೋರಿಸಿದೆ.

ಗಂಗತ್ತಿ ಫೋನು ಕೈಗೆ ತೆಗೆದುಕೊಂಡರು. ಗುಲಾಬಿ ನೋಡಿದರು. ಗುಂಡಿ ಒತ್ತಿದರು. ಎರಡಾಯಿತು.

"ಇದೇನ ಮಾಡತೈತ್ರಿ?"

"ಎಣಸತೈತ್ರಿ."

"ಏನನ್ನ?"

"ಒತ್ತಿದ್ದನ್ನರಿ."

ಗಂಗತ್ತಿ ಇನ್ನೊಮ್ಮೆ ಒತ್ತಿದರು. ಮೂರಾಯಿತು. ಅವರ ಭುಜ ಅಲುಗಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಸುನಂದಾ, ಬಾ ಇಲ್ಲಿ. ಇಂಥಾವ್ರ ಕೂಡ ಹೆಂಗ ಬಾಳೇವ ಮಾಡತೀ ಬೇ?" ಎಂದು ಅವಳನ್ನು ಪಕ್ಕಕ್ಕೆಳೆದುಕೊಂಡರು. ಅವಳು ಅವರ ಹೆಗಲ ಮೇಲೆ ತಲೆಯಿಟ್ಟು ಅರ್ಧ ಅತ್ತಳು, ಅರ್ಧ ನಕ್ಕಳು. ಊಟಕ್ಕೆ ಇಬ್ಬರೂ ಜೋಡಿಯಾಗಿ ಕುಳಿತು ನನ್ನ ಬಗ್ಗೆಯೇ ಮಾತಾಡಿದರು. ಹೋಳಿಗೆ ಬಡಿಸಲು ಹೋದವನು ಕೇಳಿಸಿಕೊಂಡು ಬಂದೆ.

ದೀಪಾವಳಿಗೆ ಗಂಗತ್ತಿ ಮಮದಾಪುರದಿಂದ ನಮ್ಮ ಮನೆಗೇ ಬಂದರು. ಸುನಂದಾಳಿಗೆ ಹೊಸ ಸೀರೆ, ನನಗೆ ಟವೆಲು. ಸೀರೆಗೆ ಚೀಟಿ ಚುಚ್ಚಿತ್ತು: 'ಗಂಗತ್ತಿ ಕೊಟ್ಟದ್ದು. ಅಳಿಯಂದ್ರು ಮುಟ್ಟಬಾರದು.' ಟವೆಲಿಗೂ ಒಂದು ಚೀಟಿ ಇತ್ತು: 'ಇದನ್ನು ಕೀಳಬಾರದು.'

ಕಿತ್ತಿಲ್ಲ. ಮೈ ಒರೆಸಿಕೊಳ್ಳುವಾಗ ಪಿನ್ನು ಚುಚ್ಚುತ್ತದೆ. ಹಾಗೇ ಒರೆಸಿಕೊಳ್ಳುತ್ತೇನೆ.