ಲಟಕ್ ಎಂದ ಗಾಡಿಗಳು

ಗಾಡಿ ಕೊಳ್ಳುವವರಿಗಿಂತ ಆ ಗಾಡಿಯ ಮೇಲೆ ಜನ್ಮದಲ್ಲಿ ಕೂರದವರಿಗೇ ಅದರ ಬಗ್ಗೆ ಹೆಚ್ಚು ಗೊತ್ತಿರುತ್ತದೆ ಎಂಬುದು ನನ್ನ ಅನುಭವ. ಅವರು ಎಷ್ಟು ದೂರದಲ್ಲಿರುತ್ತಾರೋ ಅಷ್ಟು ಖಡಾಖಂಡಿತವಾಗಿ ಮಾತಾಡುತ್ತಾರೆ. ನಾನಿರುವುದು ವಿಯೆಟ್ನಾಂ ದೇಶದ ಡಾನಾಂಗ್ ಎಂಬ ಕಡಲ ದಂಡೆಯ ಊರಿನಲ್ಲಿ. ನನಗೆ ಬುದ್ಧಿ ಹೇಳುವವರೆಲ್ಲ ಇರುವುದು ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಲ್ಲಿ. ನಡುವೆ ಒಂದು ಸಮುದ್ರ, ಮೂರ್ನಾಲ್ಕು ದೇಶ. ಆದರೂ ಒಂದು ಮೋಟಾರ್ ಸೈಕಲ್ ತೆಗೆದುಕೊಳ್ಳಬೇಕು, ಹೊಸದೋ ಹಳೆಯದೋ ತಿಳಿಯುತ್ತಿಲ್ಲ ಎಂದು ಫೋನಿನಲ್ಲಿ ಬಾಯಿ ತಪ್ಪಿ ಅಂದದ್ದೇ ತಡ, ಹೆಲ್ಮೆಟ್ಟಿನ ಬಣ್ಣದಿಂದ ಹಿಡಿದು ಹಿಂದಿನ ಟೈರಿನ ಗಾಳಿಯವರೆಗೆ ಎಲ್ಲವೂ ಅಲ್ಲೇ ತೀರ್ಮಾನವಾಗಿಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಫೋನಿನ ತುಂಬ ವಾಯ್ಸ್ ಮೆಸೇಜು. ನ್ಯಾಮತಿಯ ನಮ್ಮ ಸೋದರತ್ತೆ, ಬಸ್ಸಿನಲ್ಲಿ ಕೂತರೂ ವಾಂತಿ ಮಾಡಿಕೊಳ್ಳುವವರು, ಅವರೂ ಎರಡು ಕಳಿಸಿದ್ದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಬಾರದಂತೆ, ಯಾಕೆಂದರೆ ನಾನು ಯೋಗ ಟೀಚರು. ಹೊನ್ನಾಳಿಯ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಪಿ.ಟಿ. ಟೀಚರಾಗಿ ಸೀಟಿ ಊದಿ, ಬಿಡುವಿನಲ್ಲಿ ಯೋಗದ ಸರ್ಟಿಫಿಕೇಟು ಮಾಡಿಕೊಂಡು, ನಲವತ್ತಾರನೇ ವಯಸ್ಸಿಗೆ ಹಟ ಹಿಡಿದು ಇಲ್ಲಿಗೆ ಬಂದವಳು. ಸೀಟಿ ಊದುವ ಕಾಲಕ್ಕೆ ಸಿಟ್ಟು ನನ್ನ ಅರ್ಹತೆಯಾಗಿತ್ತು. ಯೋಗ ಹೇಳಿಕೊಡಲು ಶುರುಮಾಡಿದ ಮೇಲೆ ಅದೇ ದೊಡ್ಡ ಕೊರತೆಯಾಯಿತು. ಸೊಪ್ಪಿನವಳ ಹತ್ತಿರ ಸ್ವಲ್ಪ ದನಿ ಏರಿಸಿದರೂ “ಯೋಗ ಮಾಡೋರು ಹಿಂಗಾ?” ಅನ್ನುತ್ತಾರೆ. ಅಲ್ಲ, ಹಲ್ಲಿನ ಡಾಕ್ಟರಿಗೆ ಹಲ್ಲುನೋವು ಬರುವುದಿಲ್ಲವೇ? ಅಡುಗೆ ಭಟ್ಟರಿಗೆ ಹಸಿವಾಗುವುದಿಲ್ಲವೇ? ನನಗೊಬ್ಬಳಿಗೇ ಯಾಕೆ ಈ ಕಾನೂನು?

ಗಾಡಿ ನನಗೆ ಶೋಕಿಗೆ ಬೇಕಾಗಿರಲಿಲ್ಲ. ಊರಿನ ಸೇತುವೆಯಾಚೆ, ಸಮುದ್ರದ ಪಕ್ಕದ ಹಾಲ್ ಒಂದರಲ್ಲಿ ಬೆಳಿಗ್ಗೆ ಐದೂವರೆಗೆ ಅಜ್ಜಿಯರ ಯೋಗ ತರಗತಿಯಿದೆ. ಅದು ನನ್ನದು. ಅಜ್ಜಿಯರು ನನಗೆ ಬಾಳೆಹಣ್ಣು ತಂದುಕೊಡುತ್ತಾರೆ, ನನ್ನ ಕೆನ್ನೆ ಚಿವುಟುತ್ತಾರೆ, ನಾನು ಉಸಿರು ಬಿಡಿ ಎಂದಾಗ ಹರಟೆ ಹೊಡೆಯುತ್ತಾರೆ. ಇಲ್ಲಿ ನನಗೆ ಬಳಗ ಅಂತಿದ್ದರೆ ಅವರೇ. ಆ ಹೊತ್ತಿಗೆ ಬಾಡಿಗೆ ಬೈಕು ಸಿಗದೆ ಎರಡು ಸಲ ತಡವಾಗಿ ಹೋದೆ. ನಾನು ಕೆಲಸ ಮಾಡುವ ಯೋಗ ಸ್ಟುಡಿಯೋದ ಮಾಲಕಿ ನಗುನಗುತ್ತಲೇ, ಬರುವ ಒಂದನೇ ತಾರೀಖಿನೊಳಗೆ ಸ್ವಂತ ಗಾಡಿ ಮಾಡಿಕೊಳ್ಳದಿದ್ದರೆ ಆ ತರಗತಿಯನ್ನು ಹೃಷಿಕೇಶದಿಂದ ಬಂದ ಹೊಸ ಮೇಷ್ಟರಿಗೆ ಕೊಡುತ್ತೇನೆ ಎಂದಳು. ತರಗತಿ ಹೋದರೆ ವರ್ಷದ ಕೊನೆಗೆ ನನ್ನ ಕೆಲಸವೂ ಹೋದಂತೆಯೇ. ಆ ಹೃಷಿಕೇಶದವನಿಗೆ ಇಪ್ಪತ್ತನಾಲ್ಕು ವರ್ಷ. ಕಾಲನ್ನು ಕತ್ತಿನ ಹಿಂದೆ ಹಾಕಿಕೊಂಡು ಟೀ ಕುಡಿಯುತ್ತಾನೆ. ಅವನಿಗೆ ನನ್ನ ಅಜ್ಜಿಯರನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ನಮ್ಮ ಮನೆಯವರದು ಹೊನ್ನಾಳಿಯಲ್ಲಿ ಪಾತ್ರೆ ಅಂಗಡಿ. ಅವರ ತೀರ್ಪು ಒಂದೇ ಸಾಲಿನದು: “ಹೊಸಾದೇ ತಗೊ. ಇನ್ನೊಬ್ರು ಓಡ್ಸಿ ಬಿಟ್ಟಿದ್ದು ನಮಗ್ಯಾಕೆ? ನಮ್ಮ ಅಂಗಡಿಯಾಗೆ ಒಂದು ಲೋಟ ತಗೊಳ್ಳೋರೂ ಸೊಟ್ಟ ಐತಾ ಅಂತ ತಿರುಗ್ಸಿ ತಿರುಗ್ಸಿ ನೋಡ್ತಾರೆ.” ಓದುಗರೇ, ಈ ಮಾತು ಹೇಳಿದ ಮಹಾನುಭಾವರು ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಒಂದೇ ಒಂದು ಹೊಸ ಗಾಡಿ ತಂದವರಲ್ಲ. ಮದುವೆಯಾದ ವಾರಕ್ಕೆ ನನ್ನನ್ನು ಕೂರಿಸಿಕೊಂಡು ಚನ್ನಗಿರಿಗೆ ಹೊರಟದ್ದು ಯಾರೋ ಓಡಿಸಿ ಬಿಟ್ಟ ಮೊಪೆಡ್ಡಿನಲ್ಲಿ. ಸಾಸ್ವೆಹಳ್ಳಿ ದಾಟುವಷ್ಟರಲ್ಲಿ ಅದು ನಿಂತುಹೋಗಿ, ರೇಷ್ಮೆ ಸೀರೆಯಲ್ಲಿ ನಾನೇ ಹಿಂದಿನಿಂದ ತಳ್ಳಿದ್ದೆ. ಆಮೇಲೆ ಬಂದ ಮೂರು ಗಾಡಿಗಳೂ ಪರರ ಎಂಜಲೇ. ಅವುಗಳ ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಇಷ್ಟು ವರ್ಷ ಕೂತ ನನಗೆ, ನನ್ನ ಸ್ವಂತ ದುಡಿಮೆಯಲ್ಲಿ ಕೊಳ್ಳುವಾಗ ಮಾತ್ರ ಹೊಸದರ ಉಪದೇಶ! ಅದೇ ಸಿಟ್ಟಿಗೆ ಹಳೆಯದನ್ನೇ ಕೊಳ್ಳುವುದೆಂದು ನಿರ್ಧರಿಸಿದೆ. ಬುದ್ಧಿಯಿಂದ ಮಾಡಬೇಕಾದ ನಿರ್ಧಾರಗಳನ್ನು ನಾನು ಸಾಮಾನ್ಯವಾಗಿ ಹೀಗೇ ಮಾಡುವುದು.

ಹಳೆಯದು ಎಂದ ಮೇಲೆ ದಾದಾಪೀರಣ್ಣ ಬರಲೇಬೇಕು. ಹೊನ್ನಾಳಿಯಲ್ಲಿ ಅವರದೊಂದು ಗ್ಯಾರೇಜು. ಸಾಸ್ವೆಹಳ್ಳಿಯ ಕಡೆಯವರೂ ಅವರ ಕಿವಿಗೆ ಹಾಕದೆ ಹಳೆ ಗಾಡಿ ಕೊಳ್ಳುವುದಿಲ್ಲ. ಕಿವಿಗೆ ಹಾಕುವುದೆಂದರೆ ನಿಜವಾಗಿಯೂ ಕಿವಿಗೇ. ದಾದಾಪೀರಣ್ಣ ಗಾಡಿಯನ್ನು ಓಡಿಸುವುದಿಲ್ಲ, ಬಣ್ಣ ನೋಡುವುದಿಲ್ಲ. ಸ್ಟಾರ್ಟ್ ಮಾಡಿಸಿ, ಇಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಾರೆ. ಆಮೇಲೆ ಹೂಂ ಅಥವಾ ಊಹೂಂ. ಅದರ ಮೇಲೆ ಅಪೀಲಿಲ್ಲ. ನಾನು ಫೋನ್ ಮಾಡಿದಾಗ ಅವರಿಗೆ ಖುಷಿಯೋ ಖುಷಿ. “ಹೊಸ ಗಾಡಿ ಬಾಯಿ ಬಿಡಲ್ಲ ತಂಗಿ, ಹಳೇದು ಎಲ್ಲಾ ಹೇಳ್ಬಿಡ್ತೈತೆ. ನೀನು ಸದ್ದು ರೆಕಾರ್ಡ್ ಮಾಡಿ ಕಳ್ಸು. ಮೇಲೆ ನಿಂತು ಹಿಡಿದ್ರೆ ಗಾಳಿ ಸದ್ದೇ ಬರ್ತೈತೆ. ನನ್ನಂಗೇ ಕುಕ್ಕರಗಾಲಲ್ಲಿ ಕುಂತ್ಕೊಂಡು ಇಂಜಿನ್ ಹತ್ರ ಹಿಡಿ. ಮೂರು ಸಲ ಎದ್ದು ಕುಂತು ಎರಡೂ ಕಡೆಯಿಂದ ಹಿಡಿ,” ಎಂದು ವಿಧಿವಿಧಾನ ಹೇಳಿಕೊಟ್ಟರು.

ಹಳೆ ಗಾಡಿ ಮಾರುವ ಹಾಂಗ್ ಎಂಬ ಹೆಂಗಸು ನಮ್ಮ ಬೀದಿಯಲ್ಲೇ ಇದ್ದಾಳೆ. ಅರವತ್ತರ ಆಸುಪಾಸು. ಅಂಗಡಿಯ ಮುಂದಿನ ಭಾಗದಲ್ಲಿ ಗಾಡಿಗಳು, ಹಿಂದಿನ ಭಾಗದಲ್ಲಿ ನೂಡಲ್ಸು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಫೋನಿನ ಅನುವಾದಕನೇ ನಮ್ಮ ನಡುವಿನ ದಲ್ಲಾಳಿ. ಮೊದಲ ದಿನವೇ ಅವಳು ತೋರಿಸಿದ ನೀಲಿ ಗಾಡಿ ನನಗೆ ಬಹಳ ಹಿಡಿಸಿತು. ವಿಧಿಪ್ರಕಾರ ಕೂತೆ, ಎದ್ದೆ, ಕೂತೆ, ರೆಕಾರ್ಡ್ ಮಾಡಿ ಕಳಿಸಿದೆ. ಉತ್ತರ ಬಂತು: “ಬ್ಯಾಡ ತಂಗಿ. ಇಂಜಿನ್ ಚಲೋ ಐತೆ, ಆದ್ರೆ ನಡುನಡುವೆ ಲಟಕ್ ಅಂತೈತೆ. ಒಳಗೆ ಎಲ್ಲೋ ಸವೆದೈತೆ.” ಮತ್ತೆ ಕೇಳಿದೆ. ಹೌದು, ಲಟಕ್. ಎರಡನೇ ದಿನ ಕೆಂಪು ಗಾಡಿ. ಲಟಕ್. ಮೂರನೆಯದು ಕಪ್ಪು. ಲಟಕ್, ಲಟಕ್. “ಆ ಹೆಂಗ್ಸು ಎಲ್ಲಾ ಒಂದೇ ಕಡೆ ಸವೆದ ಗಾಡಿ ಹುಡುಕಿ ಹುಡುಕಿ ತಂದಾಳೇನವ್ವ?” ಎಂದು ದಾದಾಪೀರಣ್ಣನಿಗೇ ಆಶ್ಚರ್ಯ. ನಾನು ಹಾಂಗ್‌ಳಿಗೆ ಅನುವಾದಕನ ಮೂಲಕ ಖಾರವಾಗಿಯೇ ನಾಲ್ಕು ಮಾತಾಡಿದೆ. ಅನುವಾದಕ ಅವನ್ನು ಏನು ಮಾಡಿದನೋ, ಅವಳು ತಲೆಯಾಡಿಸಿ ನನಗೊಂದು ಬಟ್ಟಲು ನೂಡಲ್ಸ್ ತಂದಿಟ್ಟಳು.

ಸಿಟ್ಟು ನೆತ್ತಿಗೇರಿ ಸೀದಾ ಹೊಸ ಗಾಡಿಯ ಶೋರೂಮಿಗೆ ಹೋದೆ. ಏಸಿ, ಹೂವು, ಕುಡಿಯಲು ಶರಬತ್ತು, ಸೀಟಿಗಿನ್ನೂ ಪ್ಲಾಸ್ಟಿಕ್ಕು. ಮನೆಯವರು ಹೇಳಿದ್ದೇ ಸರಿಯೇನೋ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಆದರೂ ಅಭ್ಯಾಸಬಲ ನೋಡಿ, ಆ ಥಳಥಳಿಸುವ ಗಾಡಿಯ ಪಕ್ಕವೂ ಕುಕ್ಕರಗಾಲಲ್ಲಿ ಕೂತು ರೆಕಾರ್ಡ್ ಮಾಡಿದೆ. ದಾದಾಪೀರಣ್ಣನ ಉತ್ತರ ಬರಲು ಐದು ನಿಮಿಷವೂ ಹಿಡಿಯಲಿಲ್ಲ: “ಇದ್ರಾಗೂ ಐತೆ! ಹೊಸಾದು ಅಂತ ಹಳೇದಕ್ಕೆ ಬಣ್ಣ ಹೊಡ್ದು ದಾಟ್ಸಾಕೆ ನೋಡ್ತಾರೆ ತಂಗಿ, ಎದ್ದು ಬಾ ಅಲ್ಲಿಂದ!” ನಾನು ಎದ್ದೆ. ಬರುವ ಮುಂಚೆ ಶೋರೂಮಿನ ಹುಡುಗಿಗೆ ಪರದೇಶದವರಿಗೆ ಮೋಸ ಮಾಡುವ ಪಾಪದ ಬಗ್ಗೆ ದೊಡ್ಡ ಭಾಷಣ ಮಾಡಿದೆ, ಅದೂ ಕನ್ನಡದಲ್ಲಿ. ಅವಳು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಯೋಗದ ಪ್ರವಚನ ಎಂದುಕೊಂಡಳೋ ಏನೋ.

ಮಾರನೆಯ ದಿನ ಸ್ಟುಡಿಯೋ ಮುಂದೆ ಹೃಷಿಕೇಶದವನು ಬಂದಿಳಿದ. ನೋಡಿದರೆ ನಾನು ಬೇಡವೆಂದು ಬಿಟ್ಟ ಅದೇ ನೀಲಿ ಗಾಡಿ. “ಒಂದು ಚೂರೂ ಸದ್ದಿಲ್ಲ ಮೇಡಂ, ಬೆಣ್ಣೆ,” ಎಂದ. ಪಾಪ, ಈ ವಯಸ್ಸಿಗೇ ಕಿವಿ ಹೋಗಿದೆ ಎಂದುಕೊಂಡೆ. ಆದರೆ ಒಂದನೇ ತಾರೀಖಿಗೆ ಉಳಿದಿದ್ದದ್ದು ಮೂರೇ ದಿನ. ಅವನಿಗೆ ಗಾಡಿ ಇತ್ತು, ನನಗಿರಲಿಲ್ಲ. ಹಾಂಗ್‌ಳ ಅಂಗಡಿಗೆ ಓಡಿದೆ. ಉಳಿದಿದ್ದದ್ದು ಒಂದೇ ಹಸಿರು ಗಾಡಿ. ಸ್ಟಾರ್ಟ್ ಮಾಡಿದೆ, ಕೂತೆ. ಲಟಕ್!

“ಕೇಳಿಸ್ತಾ? ಈಗಲಾದರೂ ಕೇಳಿಸ್ತಾ?” ಎಂದು ಕಿರುಚಿದೆ. ಅವಳು ಕಿವಿಗೊಟ್ಟು ನಿಂತು, ಇಲ್ಲ ಎಂದು ಕೈಯಾಡಿಸಿದಳು. ಮತ್ತೆ ಎದ್ದು ಕೂತೆ. ಲಟಕ್. “ಇದು! ಇದು!” ಹಾಂಗ್ ನನ್ನನ್ನೇ ಒಂದು ಕ್ಷಣ ನೋಡಿದಳು. ಕೈ ಚಾಚಿ ಇಂಜಿನ್ ಆರಿಸಿದಳು. ಅಂಗಡಿಯಲ್ಲಿ ನಿಶ್ಶಬ್ದ. ಏಳು ಎಂದು ಸನ್ನೆ ಮಾಡಿದಳು, ಎದ್ದೆ. ಕೂರು ಎಂದಳು, ಕೂತೆ. ಆರಿದ ಗಾಡಿಯ ಪಕ್ಕದಲ್ಲಿ ಸ್ಪಷ್ಟವಾಗಿ, ಸ್ವಚ್ಛವಾಗಿ, ಲಟಕ್. ನನ್ನ ಬಲ ಮೊಣಕಾಲು.

ಅವಳು ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು. ಅವಳು ನಗಲಿಲ್ಲ. ಒಳಗೆ ಹೋಗಿ ಹಸಿರು ಎಣ್ಣೆಯ ಪುಟ್ಟ ಶೀಶೆ ತಂದು, ನನ್ನ ಪ್ಯಾಂಟು ಮೊಣಕಾಲ ಮೇಲಕ್ಕೆ ಮಡಚಿ, ತಾನೇ ತಿಕ್ಕಲು ಕೂತಳು. ಅವಳು ಕೂರುವಾಗ ಅವಳ ಮೊಣಕಾಲಿಂದಲೂ ಒಂದು ಸದ್ದು ಬಂತು. ನನಗೆ ಅಳು ಬಂತು ಎನ್ನಲು ನಾಚಿಕೆಯಿಲ್ಲ. ಯೋಗ ಟೀಚರಿಗೆ ಇರುವ ಬಂಡವಾಳವೇ ಮೈ. ಅದು ಸವೆಯುತ್ತಿದೆ ಎಂದು ಐದು ಸಲ ಕೂಗಿ ಹೇಳಿದರೂ, ಐದು ಸಲವೂ ನಾನು ಪಕ್ಕದ ಗಾಡಿಯನ್ನು ಬೈದಿದ್ದೆ.

ಹಸಿರು ಗಾಡಿಯನ್ನು ಅಂದೇ ತೆಗೆದುಕೊಂಡೆ. ಆಮೇಲೆ, ಉಳಿದ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ದಾದಾಪೀರಣ್ಣನಿಗೆ ಫೋನ್ ಮಾಡಿದೆ. “ಏನಣ್ಣ, ಮೊಣಕಾಲಿನ ಸದ್ದಿಗೂ ಇಂಜಿನ್ನಿನ ಸದ್ದಿಗೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ? ಇದೇನಾ ನಿಮ್ಮ ಕಿವಿ?” ಅವರು ತಣ್ಣಗೆ ಹೇಳಿದರು: “ಇಂಜಿನ್ ಚಲೋ ಐತೆ ಅಂತ ಮೊದ್ಲೇ ಹೇಳಿದ್ನಲ್ಲ ತಂಗಿ. ಒಳಗೆ ಎಲ್ಲೋ ಸವೆದೈತೆ ಅಂದೆ. ಸವೆದಿರೋದು ಸುಳ್ಳಾ?” ನಾನು ಮೊಣಕಾಲು ನೀವಿಕೊಂಡೆ. “ನಿಲ್ಸಿಬಿಡಬ್ಯಾಡ, ನಿಂತ್ರೆ ಜಾಮ್ ಆಗ್ತೈತೆ. ನಿಧಾನ ಓಡ್ಸು, ಲೋಡ್ ಹಾಕಬ್ಯಾಡ. ಡಾಕ್ಟರಿಗೆ ತೋರ್ಸು,” ಎಂದರು. ಅದು ಗಾಡಿಗೆ ಹೇಳಿದ್ದಲ್ಲ ಎಂದು ನನಗೆ ಅರ್ಥವಾಯಿತು. ಒಂದನೇ ತಾರೀಖು ಐದು ಗಂಟೆಗೇ ಹಾಲ್ ಮುಂದೆ ನಾನಿದ್ದೆ. ಈಗ ಕುಕ್ಕರಗಾಲಿನ ಆಸನಗಳನ್ನೆಲ್ಲ ಕುರ್ಚಿ ಹಿಡಿದು ಮಾಡಿಸುತ್ತೇನೆ. ಟೀಚರಿಗೆ ನಮ್ಮ ಮೇಲೆಷ್ಟು ಕಾಳಜಿ ಎಂದು ಅಜ್ಜಿಯರು ಇನ್ನಷ್ಟು ಬಾಳೆಹಣ್ಣು ತರುತ್ತಿದ್ದಾರೆ.

ಮನೆಯವರಿಗೆ ಮಾತ್ರ ಹೇಳಿಲ್ಲ. ಹೇಳಿದರೆ “ಸಾಕು, ಊರಿಗೆ ಬಂದ್ಬಿಡು” ಎಂದೇ ಬರುತ್ತದೆ ಉತ್ತರ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತ, ಬೀನ್ಸ್ ಮುರಿಯಲು ನೆಲದ ಮೇಲೆ ಕೂತೆ.

“ಏನೇ ಅದು, ಲಟಕ್ ಅಂತು?” ಎಂದರು. ದಿನವಿಡೀ ಪಾತ್ರೆ ಬಡಿದು ನೋಡುವವರ ಕಿವಿ.

“ಗಾಡೀದು ರೀ.”

“ಮನೆ ಒಳಗೆ ಗಾಡಿನಾ?”

“ಇಲ್ಲಿ ಗಾಡಿ ಮನೆಯೊಳಗೇ ನಿಲ್ಲಿಸೋದು,” ಎಂದೆ. ಅದು ನಿಜ; ಈ ಊರಿನಲ್ಲಿ ಎಲ್ಲರ ಪಡಸಾಲೆಯಲ್ಲೂ ಗಾಡಿಯಿರುತ್ತದೆ. ಹಸಿರು ಗಾಡಿ ನನ್ನ ಬೆನ್ನ ಹಿಂದೆಯೇ ನಿಂತಿತ್ತು, ಯಾವ ಪಾಪವೂ ಅರಿಯದೆ.

“ನಿಂತಿದ್ರೂ ಸದ್ದು ಮಾಡ್ತೈತಾ? ಅದಕ್ಕೇ ನಾನು ಬಡ್ಕೊಂಡಿದ್ದು, ಹೊಸಾದು ತಗೊ ಅಂತ. ಹಳೇದು ತಗೊಂಡ್ರೆ ಹಿಂಗೇ.”

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವರ ಮಾತಿಗೆ ಹೂಂ ಎಂದೆ. ಬೀನ್ಸ್ ಮುರಿದು ಮುಗಿದಿತ್ತು, ಒಲೆಯ ಮೇಲೆ ಅನ್ನ ಸೀಯುವ ವಾಸನೆಯೂ ಬರುತ್ತಿತ್ತು. ಅವರು ಫೋನ್ ಇಡುವವರೆಗೂ ನಾನು ನೆಲದಿಂದ ಏಳಲಿಲ್ಲ.